ಅರವತ್ತು ತಿರುವಿನ ಹಗ್ಗ

ನಮ್ಮೂರಿನಲ್ಲಿ ಕಾಗದ ಇಲ್ಲವೆಂದಲ್ಲ. ಮದುವೆಯ ಕರೆಯೋಲೆ, ಪೇಪರಿನ ಸುದ್ದಿ, ಬೆಲ್ಲದ ಪೊಟ್ಟಣ, ಇವಕ್ಕೆಲ್ಲ ಕಾಗದವೇ. ಆದರೆ ಉಳಿಯಬೇಕಾದ ಮಾತು ಹಗ್ಗಕ್ಕೇ ಹೋಗಬೇಕು. ಪುಂಡಿ ಗಿಡದ ನಾರನ್ನು ಹೊಸೆದು, ಒಂದು ತುದಿಯಿಂದ ಗಂಟು ಹಾಕುತ್ತ ಬಂದರೆ ಹೆಸರು, ಊರು, ತಿಥಿ, ಆಡಿದ ಮಾತು ಎಲ್ಲ ಅದರಲ್ಲಿ ಕೂತುಬಿಡುತ್ತವೆ. ಬೆರಳಾಡಿಸಿ ಓದುವುದು ಆರು ವರ್ಷದ ಮಕ್ಕಳಿಗೂ ಬರುತ್ತದೆ. ಯಾರ ಬೆರಳಿಗೂ ಸಿಗಬಾರದ ಮಾತಾದರೆ ಅದರ ಮೇಲೆ ಬೀಗ ಹೊಸೆಯಬೇಕು. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಬರುತ್ತದೆ. ನಲವತ್ತನಾಲ್ಕು ವರ್ಷ ಅದೊಂದೇ ಕೆಲಸ ಮಾಡಿ ನನ್ನ ಎರಡೂ ಹೆಬ್ಬೆರಳು ಬಾಗಿಹೋಗಿವೆ. ಅನ್ನ ಕಲಸುವಾಗಲೂ ಅವು ಬೀಗ ಹಾಕುವ ಹಾಗೇ ತಿರುಗುತ್ತವೆ ಎಂದು ನನ್ನ ಹೆಂಡತಿ ಬದುಕಿದ್ದಾಗ ನಗುತ್ತಿದ್ದಳು.

ನಮ್ಮ ಬೀಗಕ್ಕೆ ಅರವತ್ತು ತಿರುವು. ಪ್ರತಿ ತಿರುವಿನಲ್ಲೂ ಎಳೆ ಎಡಕ್ಕೆ ಹೋಗಿರಬಹುದು, ಬಲಕ್ಕೆ ಹೋಗಿರಬಹುದು, ಅಡಿಯಿಂದ ನುಸುಳಿರಬಹುದು. ದಾರಿ ಗೊತ್ತಿದ್ದವನು ಒಂದು ಕಪ್ ಚಹಾ ಆರುವಷ್ಟರಲ್ಲಿ ಬಿಚ್ಚುತ್ತಾನೆ. ಗೊತ್ತಿಲ್ಲದವನು ಒಂದೊಂದೇ ದಾರಿ ಹುಡುಕುತ್ತ ಕೂತರೆ ಅವನ ಮೊಮ್ಮಗನ ಮೊಮ್ಮಗನ ಕಾಲಕ್ಕೂ ಮುಗಿಯುವುದಿಲ್ಲ. ಹಾಗಾಗಿ ಬೀಗದ ಹಗ್ಗ ಎಲ್ಲಿ ಬಿದ್ದಿದ್ದರೂ ನಾವು ತಲೆ ಕೆಡಿಸಿಕೊಂಡವರಲ್ಲ. ಇನ್ನೊಂದು ಮಾತು. ಗಂಟು ಹಾಕಿದ ಹಗ್ಗವನ್ನು ನಮ್ಮೂರಲ್ಲಿ ಸುಡುವಂತಿಲ್ಲ, ಕತ್ತರಿಸುವಂತಿಲ್ಲ, ಗಂಟು ಬಿಚ್ಚಿ ಬರಿದು ಮಾಡುವುದಂತೂ ಇಲ್ಲವೇ ಇಲ್ಲ. ಕೆಲಸ ಮುಗಿದ ಹಗ್ಗ ದನದ ಕೊರಳಿಗೆ ಕಣ್ಣಿಯಾಗಿ ಹೋಗುತ್ತದೆ. ಸಂಜೆ ದನ ಊರೊಳಕ್ಕೆ ಬರುವಾಗ ಊರಿನ ಹಳೆಯ ವ್ಯಾಜ್ಯಗಳು, ಪಾಲುಪಟ್ಟಿಗಳು, ಅಂಗಡಿಗಳ ಗುಟ್ಟುಗಳು ಎಲ್ಲ ಅವುಗಳ ಕೊರಳಲ್ಲಿ ತೂಗಾಡುತ್ತ ಬರುತ್ತಿದ್ದವು. ಎದುರಿಗೆ ಬಂದವರು ಕೊಂಬಿನ ಕಡೆ ನೋಡಿ ಪಕ್ಕಕ್ಕೆ ಸರಿಯುತ್ತಿದ್ದರೇ ಹೊರತು ಕೊರಳ ಕಡೆ ಯಾರೂ ನೋಡುತ್ತಿರಲಿಲ್ಲ.

ನಾನು ಕೆಲಸಕ್ಕಿದ್ದದ್ದು ಕಾಡಮ್ಮನ ಹೆರಿಗೆಮನೆಯಲ್ಲಿ. ಕಾಡಮ್ಮ ಸೂಲಗಿತ್ತಿ, ಅವಳು ತೀರಿಕೊಂಡ ಮೇಲೆ ಮಗ ಮುರಿಗೆಪ್ಪನವರು ಅದನ್ನೇ ಇಪ್ಪತ್ತು ಮಂಚದ ದವಾಖಾನೆ ಮಾಡಿ ನಡೆಸಿದರು. ಮುಂಬಾಗಿಲಲ್ಲಿ ಹೆರಿಗೆ. ಹಿಂಬಾಗಿಲಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ಕೂಸನ್ನು ಇಟ್ಟುಕೊಳ್ಳಲಾಗದ ಹುಡುಗಿ ಒಬ್ಬಳು, ಕೂಸಿಲ್ಲದ ಮನೆ ಒಂದು, ಇವೆರಡನ್ನೂ ಕಾಡಮ್ಮ ಸೇರಿಸುತ್ತಿದ್ದಳು. ಹಡೆದವಳು ಖಾಲಿ ಕೈಯಲ್ಲಿ ಹೋಗುತ್ತಿದ್ದಳು, ಬಸಿರಿಯ ಹಾಗೆ ಸೀರೆ ಸುತ್ತಿಕೊಂಡು ಬಂದವಳು ಕೂಸು ಎತ್ತಿಕೊಂಡು ಹೋಗುತ್ತಿದ್ದಳು. ಪ್ರತಿ ಕೂಸಿಗೂ ಒಂದು ಹಗ್ಗ. ಯಾರ ಹೊಟ್ಟೆ, ಯಾವ ಕೇರಿ, ಯಾರ ಮನೆ ಸೇರಿತು, ಎಲ್ಲ ಅದರಲ್ಲಿರಬೇಕು. “ಇದನ್ನ ಯಾಕ ಕಟ್ಟಿಡಬೇಕು, ಬಿಟ್ರ ಆಗಲೇನು?” ಎಂದು ಒಮ್ಮೆ ಕೇಳಿದ್ದೆ. “ನಾಳೆ ಅಣ್ಣ ತಂಗೀನ ಹಸೀಮಣಿ ಮ್ಯಾಲ ಕುಂದ್ರಿಸಿಗೀಡ್ಯಾರು, ಕೊಟ್ರಾ. ಆವಾಗ ನಾ ಇರಾಂಗಿಲ್ಲ, ಹಗ್ಗ ಇರತೈತಿ,” ಅಂದಿದ್ದಳು. ಅಂಥವು ಇನ್ನೂರ ಹದಿನಾಲ್ಕು ಹಗ್ಗ. ಎಲ್ಲವೂ ನನ್ನ ಕೈಯಲ್ಲೇ ಆದವು.

ಅದರಲ್ಲೊಂದು ಚಂಬವ್ವನದು. ದೇವೇಂದ್ರಗೌಡರ ಹೆಂಡತಿ. ಮದುವೆಯಾಗಿ ಹನ್ನೊಂದು ವರ್ಷ ಮಕ್ಕಳಾಗಿರಲಿಲ್ಲ. ಗೌಡರ ದಾಯಾದಿಗಳು ಅವರ ಹೊಲದ ಬದುವಿನಲ್ಲಿ ನಿಂತು, ಮುಂದೆ ತಮ್ಮಲ್ಲಿ ಯಾವ ತುಂಡು ಯಾರಿಗೆ ಎಂದು ಬಾಯಿಬಿಟ್ಟೇ ಮಾತಾಡುತ್ತಿದ್ದ ಕಾಲ ಅದು. ಊರ ಹೊರಗಿನ ಕೇರಿಯ ಹುಡುಗಿಯೊಬ್ಬಳ ಕೂಸು ಚಂಬವ್ವನ ಮಡಿಲಿಗೆ ಬಂತು. ಫಕೀರೇಶ ಎಂದು ಹೆಸರಿಟ್ಟರು. ಆಗಿನಿಂದ ನಲವತ್ತೊಂದು ವರ್ಷ, ಯುಗಾದಿ ಮುಗಿದ ವಾರ, ಚಂಬವ್ವ ಬಾಳೆಲೆಯಲ್ಲಿ ಒಂದು ಮುದ್ದೆ ಬೆಣ್ಣೆ ಹಿಡಿದುಕೊಂಡು ಹೆರಿಗೆಮನೆಗೆ ಬರುತ್ತಿದ್ದಳು. “ಕೊಟ್ರಣ್ಣಾ, ಐತಿಲ್ಲ?” “ಐತವ್ವ.” “ಇಲಿ ಗಿಲಿ ಮುಟ್ಟಿಲ್ಲಲ್ಲ?” “ಇಲಿಗೆ ಓದಾಕ ಬರಾಂಗಿಲ್ಲ ಬಿಡು.” ಆಕೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಗೌಡರು ಸತ್ತ ವರ್ಷವೂ ಬಂದಳು, ಬೆಣ್ಣೆ ತಂದಳು, ಅದೇ ಮಾತು ಕೇಳಿದಳು. ಆ ವರ್ಷ ಮಾತ್ರ ನಗಲಿಲ್ಲ. “ನಾ ಸತ್ತ ಮ್ಯಾಲೂ ಅವಗ ತಿಳೀಬಾರದು,” ಅಂದಳು. ತಿಳಿಯುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಕೊಡಬಹುದಾದ ಮಾತೇ ಅದಾಗಿತ್ತು, ಆಗ.

ಯಂತ್ರದ ಸುದ್ದಿ ಮೊದಲು ಪೇಪರಿನಲ್ಲಿ ಬಂತು. ಗುಡ್ಡದಾಚೆಯ ದೊಡ್ಡ ಪಟ್ಟಣದಲ್ಲಿ, ಹಿಮಕ್ಕಿಂತ ತಣ್ಣಗಿರುವ ಕೋಣೆಯೊಳಗೆ ಒಂದು ಕ್ವಾಂಟಮ್ ಯಂತ್ರ ಕಟ್ಟುತ್ತಿದ್ದಾರೆ, ಅದು ಯಾವ ಬೀಗವನ್ನಾದರೂ ಬಿಚ್ಚಬಲ್ಲುದು ಎಂದು. ಈಗ ಮೂರು ತಿರುವು ಬಿಚ್ಚಿದೆಯಂತೆ. ಮುರಿಗೆಪ್ಪನವರು ಪೇಪರು ಮಡಚಿ ಬೀಸಿಕೊಳ್ಳುತ್ತ, “ಮೂರಾ? ನಮ್ಮ ಮೊಮ್ಮಗ ಲಾಡಿ ಗಂಟು ಬಿಚ್ಚೂಮುಂದ ಐದು ಬಿಚ್ಚತಾನ,” ಅಂದರು. ಎಲ್ಲರೂ ನಕ್ಕೆವು. ಮರುವರ್ಷ ಏಳು ತಿರುವು. ಅದರ ಮರುವರ್ಷ ಹನ್ನೆರಡು.

ಹನ್ನೆರಡಾದಾಗ ನೀಲಾಂಬಿಕೆ ಎಂಬ ಹೆಣ್ಣುಮಗಳು ಪಟ್ಟಣದಿಂದ ಬಂದಳು. ವ್ಯಾಪಾರದ ಮನೆಗಳ ಹಗ್ಗಗಳನ್ನು ಭದ್ರ ಮಾಡಿಸುವುದೇ ಅವಳ ಉದ್ಯೋಗ. ಮೊದಲು ಬೀಜದ ಮಂಡಿಗೆ, ಆಮೇಲೆ ಎಣ್ಣೆ ಗಾಣದವರಲ್ಲಿಗೆ, ಕೊನೆಗೆ ನಮ್ಮಲ್ಲಿಗೆ ಬಂದು ಚಾಪೆಯ ಮೇಲೆ ಕೂತಳು. “ನಾವು ಒಂದು ದಾರಿ ನಡದು ನೋಡಿ, ಅಲ್ಲ ಅಂತಂದ್ರ ತಿರುಗಿ ಬಂದು ಇನ್ನೊಂದು ದಾರಿ ಹಿಡೀತೀವಿ. ಈ ಯಂತ್ರ ಎಲ್ಲಾ ದಾರಿಗೂ ಒಮ್ಮೆಲೇ ಕಾಲಿಡತೈತಿ. ಪೂರಾ ಹಂಗಲ್ಲ, ನಿಮಗ ತಿಳೀಲಿ ಅಂತ ಹಂಗ ಹೇಳ್ತೀನಿ. ಅರವತ್ತಕ್ಕ ಬರಾಕ ಅದಕ್ಕ ಎಷ್ಟು ವರ್ಷ ಬೇಕೋ ನಂಗೂ ಗೊತ್ತಿಲ್ಲ. ಐದಾಗಬಹುದು, ಹದಿನೈದಾಗಬಹುದು.”

“ಹದಿನೈದು ವರ್ಷಕ್ಕ ನಾನ ಇರಾಂಗಿಲ್ಲಲ್ಲವಾ,” ಅಂದರು ಮುರಿಗೆಪ್ಪನವರು.

“ನಿಮ್ಮ ಹಗ್ಗದಾಗಿನ ಮಾತು ಇರಬೇಕಲ್ಲರಿ. ನೀವು ಕೂಸು ಕೊಟ್ಟೀರಿ. ಅದು ಬದುಕಿರೂತನಕ ಆ ಮಾತು ಮುಚ್ಚಿರಬೇಕು. ಗಾಣದವರ ಹಗ್ಗ ಎರಡು ವರ್ಷ ಮುಚ್ಚಿದ್ರ ಸಾಕು, ಆಮ್ಯಾಲ ಯಾರರ ಓದಲಿ. ನಿಮ್ಮದು ಎಂಬತ್ತು ವರ್ಷದ ಮಾತು. ಹಂಗಾಗಿ ನೀವ ಮೊದಲು ಶುರು ಮಾಡಬೇಕು.”

ಅವಳು ಹೊಸದೊಂದು ಬೀಗ ತೋರಿಸಿದಳು. ಜಾಲರಿಗಂಟು ಎಂದು ಹೆಸರು. ಎಳೆ ಒಂದರ ಹಿಂದೊಂದು ತಿರುಗುವುದಿಲ್ಲ. ಮೀನಿನ ಬಲೆಯ ಹಾಗೆ ಹತ್ತೂ ಕಡೆ ಹಬ್ಬಿಕೊಳ್ಳುತ್ತದೆ. ಆ ಯಂತ್ರ ಇದರ ಮುಂದೆ ತಬ್ಬಿಬ್ಬಾಗುತ್ತದಂತೆ. ಕಲಿಯುವುದಕ್ಕೆ ನನಗೆ ಐದು ತಿಂಗಳು ಹಿಡಿಯಿತು. ಕಲಿತ ಮೇಲೂ ಮುರಿಗೆಪ್ಪನವರು ಕೆಲಸಕ್ಕೆ ಕೈ ಹಚ್ಚಲು ಬಿಡಲಿಲ್ಲ. ಮಳೆಗಾಲ ಮುಗಿಯಲಿ ಅಂದರು. ಸುಗ್ಗಿ ಆಗಲಿ ಅಂದರು. ಹೆರಿಗೆಯ ಮಂಚಗಳಿಗೆ ಬಣ್ಣ ಹೊಡೆಸುವುದಿದೆ, ಜನಕ್ಕೆ ಕಾಣುವುದು ಮೊದಲು ಅದು ಅಂದರು. ಮೂರು ವರ್ಷ ಹೀಗೇ ಹೋಯಿತು. ಪೇಪರಿನಲ್ಲಿ ಇಪ್ಪತ್ತೊಂಬತ್ತು ತಿರುವು ಎಂದು ಓದಿದ ದಿನ ಅವರು ನನ್ನ ಕರೆದು, “ಹೂಂ, ಹಚ್ಚು ಕೈ,” ಎಂದರು.

ಎರಡು ವರ್ಷ ದುಡಿದೆ. ಹಳೆಯ ಹಗ್ಗದ ಬೀಗ ತೆಗೆದು ಓದಿಕೊಳ್ಳುವುದು, ಅದೇ ಮಾತನ್ನು ಹೊಸ ಹಗ್ಗಕ್ಕೆ ಕಟ್ಟುವುದು, ಮೇಲೆ ಜಾಲರಿ ಹೊಸೆಯುವುದು. ಹಳೆಯದಕ್ಕೆ ಮತ್ತೆ ಅದರ ಅರವತ್ತು ತಿರುವನ್ನು ಚೊಕ್ಕವಾಗಿ ಹಾಕಿ ಮೂಲೆಗಿಡುತ್ತಿದ್ದೆ. ಬೀಗ ತೆಗೆದ ಹಗ್ಗವನ್ನು ಹಾಗೇ ಬಿಡುವುದು ನನ್ನ ಕೈಗೆ ಒಗ್ಗದ ಕೆಲಸ. ಮೂಲೆಯಲ್ಲಿ ಹಗ್ಗದ ರಾಶಿ ಬೆಳೆಯಿತು. ರಾಶಿ ಬೆಳೆದಂತೆ ದನ ಕಟ್ಟಿದವರು ಬಂದರು. “ಕಾಕಾ, ಕಣ್ಣಿ ಅದಾವಂತಲ್ಲ” ಎಂದು ಕೇಳಿದವರಿಗೆಲ್ಲ ಕೊಟ್ಟೆ. ನಮ್ಮಪ್ಪ ಹಾಗೆ ಕೊಡುತ್ತಿದ್ದ, ಅವರಪ್ಪ ಕೊಡುತ್ತಿದ್ದ.

ಫಕೀರೇಶನೂ ಬಂದ. ಹೊಸದಾಗಿ ಒಂದು ಕೆಂದಾಕಳು ತಂದಿದ್ದ. “ಗಟ್ಟಿ ಇರೋದ ಕೊಡು ಕಾಕಾ, ಇದು ಅರ್ಧಾ ಊರು ಎಳಕೊಂಡು ಹೋಗತೈತಿ,” ಎಂದ. ರಾಶಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಅವನದೇ ಹಗ್ಗ. ನಲವತ್ತೊಂದು ವರ್ಷದ ಹಿಂದೆ ನಾನು ಹೊಸೆದದ್ದು. ಕಣ್ಣು ಮುಚ್ಚಿದರೂ ನನಗೆ ಗುರುತು ಸಿಗುತ್ತದೆ. ಒಂದು ಗಳಿಗೆ ಹಿಡಿದುಕೊಂಡು ನಿಂತೆ. ಬೇರೆಯದು ಕೊಡಬಹುದಿತ್ತು. ಇದರಷ್ಟು ಭದ್ರ ಜಾಗ ಇನ್ನೊಂದಿಲ್ಲ, ಅವರ ಮನೆಯ ಮಾತು ಅವರ ಕೊಟ್ಟಿಗೆಯಲ್ಲೇ ಇರಲಿ ಎಂದು ಅನ್ನಿಸಿತು. ಒಳಗೊಳಗೇ ನಗೆಯೂ ಬಂತು. ಆ ನಗೆ ಈಗ ನೆನಪಾದರೆ ಊಟ ಸೇರುವುದಿಲ್ಲ. ಅವನು ಅದನ್ನು ಎಳೆದು ನೋಡಿ, “ಭಾಳ ಗಟ್ಟಿ ಐತಿ ಬಿಡು,” ಅಂದು ಹೆಗಲಿಗೆ ಹಾಕಿಕೊಂಡು ಹೋದ.

ಕೆಲಸ ಮುಗಿಯಿತೆಂದು ತಿಳಿಸಿದ ಮೇಲೆ ನೀಲಾಂಬಿಕೆ ನೋಡಲು ಬಂದಳು. ಹೊಸ ಹಗ್ಗಗಳನ್ನು ಒಂದೊಂದಾಗಿ ಎಳೆದು, ತಿರುವಿ, ಬೆಳಕಿಗೆ ಹಿಡಿದು ನೋಡಿದಳು. “ಕೊಟ್ರಪ್ಪನವರ, ಪಟ್ಟಣದಾಗೂ ಹಿಂಗ ಹೊಸಿಯೋರು ಇಲ್ಲ,” ಎಂದಳು. ಎಪ್ಪತ್ತರ ವಯಸ್ಸಿನಲ್ಲಿ ಹೊಗಳಿಸಿಕೊಂಡು ನನ್ನ ಮುಖ ಬೆಚ್ಚಗಾಯಿತು. ಚಹಾ ಕುಡಿದು ಅಂಗಳಕ್ಕೆ ಬಂದೆವು. ಬೀದಿಯ ಹಸುವೊಂದು ಕಟ್ಟೆಯ ಕಂಬಕ್ಕೆ ಕೊರಳು ಉಜ್ಜುತ್ತ ನಿಂತಿತ್ತು. ಅವಳು ಅದನ್ನೇ ನೋಡಿದಳು. ಹತ್ತಿರ ಹೋಗಿ ಕಣ್ಣಿಯನ್ನು ಮುಟ್ಟಿ ನೋಡಿದಳು.

“ಇದೇನ್ರಿ ಇದು? ಬೀಗ ಐತಿ ಇದಕ್ಕ.”

“ಹಳೇದು. ಹೊಸಾದು ಮಾಡಿದ ಮ್ಯಾಲ ಇದರ ಕೆಲಸ ಮುಗೀತಲ್ಲ.”

“ಕೊಳ್ಳಿ ಹಚ್ಚಿಲ್ಲೇನು?”

“ಗಂಟು ಹಾಕಿದ್ದನ್ನ ಸುಡತಾರೇನವಾ ಯಾರರ?” ಎಂದೆ ನಾನು. ಅವಳ ಊರಲ್ಲಿ ಸುಡುತ್ತಾರೆ. ಹೊಸದು ಮಾಡಿದ ಸಂಜೆಯೇ ಹಳೆಯದನ್ನು ಒಲೆಗೆ ಹಾಕುತ್ತಾರೆ. ಅದು ಹೇಳಬೇಕಾದ ಮಾತು ಎಂದು ಅವಳಿಗೆ ಹೊಳೆದಿರಲಿಲ್ಲ, ಕೇಳಬೇಕಾದ ಮಾತು ಎಂದು ನನಗೂ ಹೊಳೆದಿರಲಿಲ್ಲ. ಅವಳು ಕಣ್ಣಿಯ ತಿರುವುಗಳನ್ನು ಬೆರಳಲ್ಲಿ ಎಣಿಸಿದಳು. “ಅದೇ ಮಾತು, ಹಳೇ ಬೀಗದಾಗ, ಊರ ತುಂಬಾ ಓಡ್ಯಾಡಾಕತ್ತೈತಿ. ಹೊಸಾ ಬೀಗ ಹಾಕಿ ಏನು ಬಂತ್ರಿ?” ಆಮೇಲೆ ತಲೆಯೆತ್ತಿ ಕೇಳಿದಳು: “ಹೊರಗಿನವರು ಯಾರರ ಈ ಹಗ್ಗ ಕೇಳಿಕೊಂಡು ಬಂದಾರೇನು?”

ಬಂದಿದ್ದ. ಹೊಗೆಯುಗುಳುವ ಮೊಪೆಡ್ಡಿನ ಹಿಂದೆ ನೀಲಿ ನೈಲಾನ್ ಕಣ್ಣಿಗಳ ಕಟ್ಟು ಹೇರಿಕೊಂಡು ಒಬ್ಬ ಎಂಟು ಹತ್ತು ವರ್ಷದಿಂದ ಬರುತ್ತಿದ್ದ. ಹಳೆಯ ಹಗ್ಗ ಕೊಟ್ಟರೆ ಹೊಸ ನೈಲಾನು. ಊರೆಲ್ಲ ಅವನನ್ನು ಆಡಿಕೊಳ್ಳುತ್ತಿತ್ತು. “ಹರಕ ಹಗ್ಗ ಒಯ್ದು ಏನು ಪಾಯಸ ಮಾಡ್ತೀಯೋ?” ಎಂದರೆ, “ಗೋಣಿ ಕಾರ್ಖಾನಿಗೆ ಹೋಗತೈತ್ರಿ, ನಾರು ತಗೀತಾರ,” ಎಂದು ಹಲ್ಲು ಬಿಡುತ್ತಿದ್ದ. ಊರಾಚೆ ಏನಾದರೂ ಆಗಲಿ, ನಮ್ಮ ಕೈಯಿಂದ ಬಿಚ್ಚಿದ್ದಲ್ಲವಲ್ಲ ಎಂದು ಜನ ಕೊಡುತ್ತಿದ್ದರು. ಹರಿದ ಹಗ್ಗ ಕೊಟ್ಟರೆ ಮಾತ್ರ, “ಇದು ಬ್ಯಾಡ್ರಿ, ಗಂಟಿರೋದ ಕೊಡ್ರಿ,” ಅನ್ನುತ್ತಿದ್ದ. ಅದಕ್ಕೂ ನಕ್ಕಿದ್ದೆವು.

ಮರುದಿನದಿಂದ ನಾನು ಊರಿನ ಕೊಟ್ಟಿಗೆಗಳನ್ನೆಲ್ಲ ತಿರುಗಿದೆ. ಮೂವತ್ತೊಂದು ಹಗ್ಗ ಸಿಕ್ಕವು. ಉಳಿದ ಕೊರಳುಗಳಲ್ಲೆಲ್ಲ ನೀಲಿ. ಫಕೀರೇಶನ ಕೊಟ್ಟಿಗೆಗೆ ಹೋದಾಗ ಅವನು ಕೆಂದಾಕಳಿನ ಮೈ ತಿಕ್ಕುತ್ತಿದ್ದ. ಅದರ ಕೊರಳಲ್ಲೂ ನೀಲಿಯೇ. “ಅದಾ? ಕೊಟ್ಟೆ ಕಾಕಾ. ಹಳೇದು ಒಯ್ದು ಎರಡು ಹೊಸಾವು ಕೊಟ್ಟ. ಅವಗೇನು ಹುಚ್ಚೋ ಏನೋ. ಯಾಕ, ಬೇಕಿತ್ತೇನು?” ಏನಿಲ್ಲ ಎಂದೆ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಚಂಬವ್ವ ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ನಿಲ್ಲಲಿಲ್ಲ.

“ಇನ್ನ ಉಳಿದಿರೋದು ಒಂದ ದಾರಿ,” ಎಂದಳು ನೀಲಾಂಬಿಕೆ. “ಯಂತ್ರ ಹೇಳೂದಕ್ಕಿಂತ ಮೊದಲು ಅವರವರ ಮನ್ಯಾಗ ಅವರವರ ಹೇಳಿಕೊಳ್ಳಲಿ. ಪ್ರತಿ ಮನಿಗೂ ತಿಳಿಸ್ರಿ.” ಮುರಿಗೆಪ್ಪನವರು ಕೇಳಿಸಿಕೊಂಡು, ಅವಳು ಬಸ್ಸು ಹತ್ತುವವರೆಗೆ ಸುಮ್ಮನಿದ್ದು, ನನ್ನ ಕಡೆ ತಿರುಗಿದರು. “ತಿಳಿಸಿದ್ರ ನಾಳಿಂದ ಈ ಬಾಗಲಾ ಯಾವ ಬಸರೀನೂ ತುಳಿಯಾಂಗಿಲ್ಲ. ಯಂತ್ರ ಇನ್ನೂ ನಲವತ್ತರ ಹತ್ರ ಐತಿ. ಸುಮ್ಮನಿರು.” ಸುಮ್ಮನಿದ್ದೆ. ಏಳು ತಿಂಗಳು. ಅವರ ಉಪ್ಪು ತಿಂದವನು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಚಂಬವ್ವನ ಮುಂದೆ ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ. ಆ ವರ್ಷದ ಯುಗಾದಿ ಆದ ಮೇಲೆ ಅವಳು ಬೆಣ್ಣೆ ಹಿಡಿದುಕೊಂಡು ಬಂದಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಬೆಣ್ಣೆಯನ್ನು ಕಟ್ಟೆಯ ಮೇಲಿಟ್ಟು ಹೋಗಿದ್ದಳು. ಇರುವೆ ಮುತ್ತಿತ್ತು.

ಐವತ್ತೆರಡು ತಿರುವು ಎಂದು ಪೇಪರಿನಲ್ಲಿ ಬಂದ ಮಧ್ಯಾಹ್ನ ಅವಳ ಮನೆಗೆ ಹೋದೆ. ಫಕೀರೇಶ ಹೊಲಕ್ಕೆ ಹೋಗಿದ್ದ. ಎಲ್ಲ ಹೇಳಿದೆ, ಹಗ್ಗ ಕೈಗೆ ಸಿಕ್ಕಾಗ ನಕ್ಕಿದ್ದನ್ನೂ ಸೇರಿಸಿ. ಅವಳು ಕೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

“ಇನ್ನೂ ಎಂಟು ತಿರುವು,” ಅಂದಳು ಕೊನೆಗೆ. “ಅಷ್ಟರಾಗ ನಾ ಸಾಯಬಹುದಲ್ಲ?”

“ನೀ ಸತ್ರ ಅವಗ ಹೇಳೋರು ಯಾರವ್ವ? ದಾಯಾದಿಗಳು ಹೇಳ್ತಾರ. ಅವರು ಹೆಂಗ ಹೇಳ್ತಾರಂತ ನಿನಗ ಗೊತ್ತೈತಿ.”

“ಹಾಸಿಗೀ ಹಿಡದಾವ ಅವರಪ್ಪ, ಒಂದು ವರ್ಷ ಅವನ ಹೇಲು ಉಚ್ಚಿ ಬಳದಾವ ಇವ. ಇವಗ ನಾ ಯಾವ ಬಾಯಿಲೇ ಹೇಳಲಿ, ಅವ ನಿಮ್ಮಪ್ಪ ಅಲ್ಲ ಅಂತ?” ಅಂದಳು. ಅಳಲಿಲ್ಲ. ಸುತ್ತಿದ ಸೆರಗು ಬಿಟ್ಟು, “ಬಾಯಿಲೇ ಆಗಾಂಗಿಲ್ಲ ಕೊಟ್ರಣ್ಣಾ. ಕಟ್ಟಿ ಕೊಡು. ಬೀಗ ಹಾಕಬ್ಯಾಡ,” ಎಂದಳು.

ಅವಳು ಹೇಳುತ್ತ ಹೋದಳು, ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ. ನೀ ಮೂರು ದಿನದ ಕೂಸು. ಬಿಸಿಲಿತ್ತು. ನಿನ್ನ ತಂದಾಗ ನನ್ನ ಎದೆಯಾಗ ಹಾಲಿರಲಿಲ್ಲ, ಆಡಿನ ಹಾಲು ಅರಿವೀ ತುದೀಲೆ ಹಿಂಡಿದೆ. ನೀ ಕಚ್ಚಿಕೊಂಡಿ. ಹಡದಾಕೀ ಹೆಸರು ಪುಟ್ಟಿ. ಅಕೀ ಹೋಗೂಮುಂದ ಎರಡು ಸರ್ತಿ ತಿರುಗಿ ನೋಡಿದ್ಲು. ಒಂದು ಸರ್ತಿ ಅಂತ ನಿಮ್ಮಪ್ಪಗ ಸುಳ್ಳು ಹೇಳಿದ್ದೆ. ಇಷ್ಟೇ. ಕ್ಷಮಿಸು ಎಂಬ ಮಾತು ಹಾಕಲೇ ಎಂದು ಕೇಳಿದೆ. “ಯಾಕ? ನಾ ಏನು ಕದ್ದೀನೇನು?” ಅಂದಳು.

ಬೀಗವಿಲ್ಲದ ಹಗ್ಗ. ನಾಲ್ಕು ದಿನದ ಕೆಲಸ. ನಾನು ಹತ್ತು ದಿನ ಮಾಡಿದೆ. ಒಂದೊಂದು ಗಂಟನ್ನೂ ನಯ ಮಾಡುತ್ತ, ಮೇಣ ಸವರುತ್ತ ಕೂತೆ. ಪೇಪರಿನಲ್ಲಿ ಬರುವುದು ಯಂತ್ರದವರು ಹೇಳಿದಷ್ಟು ತಿರುವು ಮಾತ್ರ, ಹೇಳದೆ ಬಿಟ್ಟದ್ದು ಬರುವುದಿಲ್ಲ ಎಂದು ನೀಲಾಂಬಿಕೆ ಒಮ್ಮೆ ಹೇಳಿದ್ದಳು. ಅದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಹಗ್ಗವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಹೋದೆ. ಕೊಟ್ಟಿಗೆಯಲ್ಲಿ ಹಾಲು ಕರೆಯದೆ ಬಿಟ್ಟ ಕೆಂದಾಕಳು ಒದರುತ್ತಿತ್ತು. ಫಕೀರೇಶ ಮೇವಿನ ಗೋದಲಿಯ ಅಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಅಂಚೆಯ ಪೊಟ್ಟಣ ಹರಿದು ಬಿದ್ದಿತ್ತು, ಅದರ ಮೇಲೊಂದು ಚೀಟಿ. ತೊಡೆಯ ಮೇಲೆ ಹಳೆಯ ಹಗ್ಗ. ಅರವತ್ತೂ ತಿರುವು ಬಿಚ್ಚಿಕೊಂಡು, ನಾನು ನಲವತ್ತಮೂರು ವರ್ಷದ ಹಿಂದೆ ಕಟ್ಟಿದ ಗಂಟುಗಳು ನೆಟ್ಟಗೆ, ಬತ್ತಲೆ ಮಲಗಿದ್ದವು. ಅವನ ಬೆರಳು ಅದರ ತುದಿಯಲ್ಲಿತ್ತು. ಓದಿ ಮುಗಿದಿತ್ತು.

“ಕಾಕಾ,” ಅಂದ, ತಲೆ ಎತ್ತದೆ. “ಕಾಲುವೀ ಕಡೀ ಹೊಲ, ಇದನ್ನ ಕಳಿಸಿದವರು ಹೇಳಿದವರಿಗೆ ಬರದು ಕೊಡಬೇಕಂತ. ಇಲ್ಲಂದ್ರ ಇಂಥಾದ ಒಂದು ನಮ್ಮ ದೊಡ್ಡಪ್ಪನ ಮಕ್ಕಳಿಗೂ ಹೋಗತೈತಂತ.” ಆಮೇಲೆ ಹಗ್ಗದ ಮೇಲೆ ಹೆಬ್ಬೆರಳು ಎಳೆದ. “ಈ ಗಂಟು ನಿಂದ ಅಲ್ಲೇನು? ಇಡೀ ಊರಾಗ ಹಿಂಗ ಬಾಗಿಸಿ ಕಟ್ಟಾವ ನೀ ಒಬ್ಬನ.”

“ನಂದ.”

“ಅವತ್ತು ನನ್ನ ಕೈಯಾಗ ಕೊಟ್ಟಾಗ ಗೊತ್ತಿತ್ತೇನು?”

“ಗೊತ್ತಿತ್ತು.”

ಅವನು ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಬಹುದಿತ್ತು. ಒಳಗಿನ ಕೋಣೆಯಲ್ಲಿ ಚಂಬವ್ವನ ಹೆಜ್ಜೆಯ ಸದ್ದಾಯಿತು, ನಿಂತಿತು. ಬಾಗಿಲ ಹತ್ತಿರ ಬಂದಿರಬೇಕು. ನಾನು ಬಟ್ಟೆಯ ಸುತ್ತು ಬಿಚ್ಚಿ ಹೊಸ ಹಗ್ಗ ಚಾಚಿದೆ. “ಇದು ನಿಮ್ಮವ್ವ ಹೇಳಿ ಕಟ್ಟಿಸಿದ್ದು. ಇದನ್ನ ಓದು ತಮ್ಮಾ. ಅದರಾಗ ಇಲ್ಲದ್ದು ಇದರಾಗ ಐತಿ.” ಅವನು ತೆಗೆದುಕೊಂಡ. ಗಂಟು ಬೆರಳಿಗೆ ತಾಗದ ಹಾಗೆ, ಸತ್ತ ಹಾವನ್ನು ಎತ್ತುವವರಂತೆ ತುದಿ ಹಿಡಿದು, ಆಕಳ ಮೇಲ್ಗಡೆ ಗೋಡೆಯ ಗೂಟಕ್ಕೆ ನೇತು ಹಾಕಿದ. ಆಮೇಲೆ ತಂಬಿಗೆ ತೆಗೆದುಕೊಂಡು ಹಾಲು ಕರೆಯಲು ಕೂತ.

ಹೊಲ ಹೋಯಿತು. ಹೊಲ ಹೋದ ಮೇಲೂ ದಾಯಾದಿಗಳಿಗೆ ಹಗ್ಗ ಬಂತು, ಉಳಿದ ಹೊಲವೂ ಹೋಯಿತು. ಊರಿನಲ್ಲಿ ಇನ್ನೂ ಎಷ್ಟೋ ಮನೆಗಳಿಗೆ ಪೊಟ್ಟಣ ಬಂದವು. ಎರಡು ಮದುವೆ ಮುರಿದವು, ಒಬ್ಬ ಹುಡುಗಿ ಬಾವಿಗೆ ಬಿದ್ದಳು. ಹೆರಿಗೆಮನೆಯ ಬಾಗಿಲಿಗೆ ಮುರಿಗೆಪ್ಪನವರೇ ಬೀಗ ಜಡಿದರು. ಜಾಲರಿಗಂಟಿನ ಹೊಸ ಹಗ್ಗಗಳು ಒಳಗೆ ಸಾಲಾಗಿ ತೂಗುತ್ತಿವೆ. ಅವನ್ನು ಯಾವ ಯಂತ್ರಕ್ಕೂ ಬಿಚ್ಚಲಾಗಿಲ್ಲವಂತೆ.

ಫಕೀರೇಶ ತಾಯಿಯನ್ನು ಹೊರಗೆ ಹಾಕಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡುತ್ತಾನೆ, ಜ್ವರ ಬಂದರೆ ದವಾಖಾನೆಗೆ ಕರೆದುಕೊಂಡು ಹೋಗುತ್ತಾನೆ. ಅವ್ವ ಎಂದು ಕರೆಯುವುದನ್ನು ಬಿಟ್ಟಿದ್ದಾನೆ, ಬೇರೇನೆಂದೂ ಕರೆಯುವುದಿಲ್ಲ. ನಾನು ವಾರಕ್ಕೊಮ್ಮೆ ಆ ದಾರಿಯಲ್ಲಿ ಹೋಗುತ್ತೇನೆ, ಕೊಟ್ಟಿಗೆಯ ಕಡೆ ನೋಡುತ್ತೇನೆ. ಚಂಬವ್ವ ಬಾಗಿಲಲ್ಲಿ ಕೂತು ಅದೇ ಕಡೆ ನೋಡುತ್ತಿರುತ್ತಾಳೆ. ಹಗ್ಗ ಗೂಟದಲ್ಲೇ ಇದೆ. ಜೇಡ ಬಲೆ ಕಟ್ಟಿದೆ. ಅದಕ್ಕೆ ಒಂದು ತಿರುವೂ ಇಲ್ಲ.